ಮಳೆ, ಎತ್ತು, ಅಕ್ಕಿ: ಶ್ರೀರಂಗಪಟ್ಟಣದ ಪರ್ಯಾಯ ಲೋಕಗಳು

ಶ್ರೀರಂಗಪಟ್ಟಣದ ಕೋಟೆ ನೋಡಲು ಬಂದವರಿಗೆ ಗೈಡುಗಳು ಮೂರು ಜಾಗ ತಪ್ಪದೆ ತೋರಿಸುತ್ತಾರೆ: ಗೋಡೆ ಒಡೆದ ವಾಯವ್ಯ ಮೂಲೆ, ನೆಲಮಾಳಿಗೆಯ ಸೆರೆ, ಟಿಪ್ಪುವಿನ ಶವ ಸಿಕ್ಕಿದ ಸ್ಥಳ. ಮೂರನೆಯ ಜಾಗಕ್ಕೆ ಬಂದಾಗ ಒಂದು ಮಾತು ಇದ್ದೇ ಇರುತ್ತದೆ. ಮಂತ್ರಿ ಮೀರ್ ಸಾದಿಕ್ ಒಬ್ಬ ಮೋಸ ಮಾಡದೆ ಇದ್ದಿದ್ದರೆ ಈ ದೇಶದ ಕಥೆಯೇ ಬೇರೆಯಾಗುತ್ತಿತ್ತು ಸಾರ್, ಅಂತ. ಕೇಳುವವರು ಹೌದು ಹೌದು ಎಂದು ತಲೆಯಾಡಿಸಿ ಮುಂದಕ್ಕೆ ಹೋಗುತ್ತಾರೆ. ಹೇಗೆ ಬೇರೆ, ಎಷ್ಟು ಬೇರೆ ಎಂದು ಯಾರೂ ಕೇಳುವುದಿಲ್ಲ.

ಇಲ್ಲಿ ಕೇಳಿ ನೋಡುವ ಉದ್ದೇಶವಿದೆ. ನಡೆಯದೆ ಹೋದದ್ದನ್ನು ನಡೆದಿದ್ದರೆ ಎಂದು ಕಲ್ಪಿಸುವುದು ಹರಟೆ ಕಟ್ಟೆಯ ಕೆಲಸವೆಂದು ಇತಿಹಾಸಕಾರರಲ್ಲಿ ಅನೇಕರು ಮೂಗು ಮುರಿದಿದ್ದಾರೆ. ಇ.ಎಚ್. ಕಾರ್ ಇದನ್ನು ಹೊತ್ತು ಕಳೆಯುವ ಆಟವೆಂದು ತಳ್ಳಿಹಾಕಿದ. ನಮ್ಮವರೂ ಅತ್ತೆಗೆ ಮೀಸೆ ಬಂದಿದ್ದರೆ ಮಾವ ಅನ್ನಬಹುದಿತ್ತು ಎಂದು ಗೇಲಿ ಮಾಡುತ್ತಾರೆ. ಆದರೆ ಭೌತವಿಜ್ಞಾನಿಗಳು ಮತ್ತು ತತ್ತ್ವಶಾಸ್ತ್ರಜ್ಞರು ಕಳೆದ ಅರವತ್ತೆಪ್ಪತ್ತು ವರ್ಷಗಳಲ್ಲಿ ಇದೇ ಆಟವನ್ನು ಬಹಳ ಗಂಭೀರವಾಗಿ ಆಡಿದ್ದಾರೆ. ಅವರ ನಿಯಮಗಳನ್ನು ಎರವಲು ತಂದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ನೆಲದ ಮೇಲೆ ಪರೀಕ್ಷಿಸಿದರೆ ಮೀರ್ ಸಾದಿಕ್ ಎಷ್ಟು ಚಿಕ್ಕವನಾಗುತ್ತಾನೆ ಎಂಬುದು ಗೊತ್ತಾಗುತ್ತದೆ.

ಮೊದಲು ವಿಜ್ಞಾನ. 1935ರಲ್ಲಿ ಶ್ರೋಡಿಂಗರ್ ಪೆಟ್ಟಿಗೆಯೊಳಗೆ ಒಂದು ಬೆಕ್ಕನ್ನು ಕೂರಿಸಿದ, ಕಲ್ಪನೆಯಲ್ಲಿ ಮಾತ್ರ. ಒಂದು ಪರಮಾಣು ಸಿಡಿದರೆ ವಿಷದ ಸೀಸೆ ಒಡೆದು ಬೆಕ್ಕು ಸಾಯುತ್ತದೆ, ಸಿಡಿಯದಿದ್ದರೆ ಬದುಕುತ್ತದೆ. ಕ್ವಾಂಟಂ ಗಣಿತ ಮಾತ್ರ ಎರಡೂ ಸ್ಥಿತಿಗಳನ್ನು ಒಟ್ಟಿಗೆ ಇಟ್ಟುಕೊಂಡಿರುತ್ತದೆ. ಪೆಟ್ಟಿಗೆ ತೆರೆದ ಗಳಿಗೆಯಲ್ಲಿ ಒಂದು ಹೇಗೆ ಮಾಯವಾಗುತ್ತದೆ? ಮಾಯವಾಗುವುದೇ ಇಲ್ಲ ಎಂದವನು ಹ್ಯೂ ಎವರೆಟ್. ಪ್ರಿನ್ಸ್ಟನ್ನಿನಲ್ಲಿ ಜಾನ್ ವೀಲರ್ ಕೈಕೆಳಗೆ 1957ರಲ್ಲಿ ಮುಗಿಸಿದ ಅವನ ಪ್ರಬಂಧದ ಪ್ರಕಾರ ಬೆಕ್ಕು ಸತ್ತದ್ದನ್ನು ನೋಡಿದ ನೀವು ಒಂದು ಕವಲಿನಲ್ಲಿರುತ್ತೀರಿ, ಬದುಕಿದ್ದನ್ನು ನೋಡಿದ ನೀವು ಇನ್ನೊಂದರಲ್ಲಿ. ಎರಡು ಕವಲುಗಳ ನಡುವೆ ಮಾತುಕತೆ ಸಾಧ್ಯವಿಲ್ಲ. ಕೋಪನ್‌ಹೇಗನ್ನಿನ ನೀಲ್ಸ್ ಬೋರ್ ಬಳಗಕ್ಕೆ ಇದು ರುಚಿಸಲಿಲ್ಲ. ಎವರೆಟ್ ವಿಶ್ವವಿದ್ಯಾಲಯ ಬಿಟ್ಟು ಅಮೆರಿಕದ ಸೇನಾ ಇಲಾಖೆಯ ಲೆಕ್ಕಾಚಾರದ ಕೆಲಸಕ್ಕೆ ಸೇರಿಕೊಂಡ. 1970ರಲ್ಲಿ ಬ್ರೈಸ್ ಡಿವಿಟ್ ಬರೆದ ಲೇಖನದಿಂದ ಅವನ ವಿಚಾರ ಹೊರಜಗತ್ತಿಗೆ ತಿಳಿಯಿತು. 1982ರಲ್ಲಿ ಅವನು ತೀರಿಕೊಂಡಾಗ ಅದನ್ನು ನಂಬಿದವರು ಇನ್ನೂ ಬೆರಳೆಣಿಕೆಯಷ್ಟೇ.

ಆಮೇಲೆ ಬಂದವರು ಇನ್ನೂ ಧೈರ್ಯಸ್ಥರು. ಕ್ವಾಂಟಂ ನಾಣ್ಯಕ್ಕೆ ಬಂದೂಕು ಕಟ್ಟಿ ಅದರ ಮುಂದೆ ನಿಂತವನ ಕಥೆಯನ್ನು ಹ್ಯಾನ್ಸ್ ಮೊರಾವೆಕ್ 1980ರ ದಶಕದಲ್ಲಿ ಹೇಳಿದ, ಮ್ಯಾಕ್ಸ್ ಟೆಗ್‌ಮಾರ್ಕ್ 1998ರಲ್ಲಿ ಅದನ್ನು ಪ್ರಸಿದ್ಧಗೊಳಿಸಿದ. ಪ್ರತಿ ಸಲವೂ ಗುಂಡು ಹಾರುವ ಕವಲೊಂದು, ಹಾರದ ಕವಲೊಂದು. ಸತ್ತ ಕವಲಿನಲ್ಲಿ ಅನುಭವಿಸಲು ಅವನೇ ಇಲ್ಲವಾದ್ದರಿಂದ ಅವನ ಮಟ್ಟಿಗೆ ಬಂದೂಕು ಎಂದೂ ಹಾರುವುದಿಲ್ಲ. ಕೇಳಲು ಮಜವಾಗಿದೆ. ಆದರೆ ಹೊರಗೆ ನಿಂತ ಹೆಂಡತಿ ಮಕ್ಕಳು ಬಹುಪಾಲು ಕವಲುಗಳಲ್ಲಿ ಹೆಣವನ್ನೇ ನೋಡುತ್ತಾರೆ. ಈ ಪ್ರಯೋಗವನ್ನು ಮೆಚ್ಚುವವರು ಆ ಹೆಂಡತಿ ಮಕ್ಕಳ ಬಗ್ಗೆ ಬರೆದದ್ದು ಬಹಳ ಕಡಿಮೆ.

ಲೋಕದೊಳಗೆ ಲೋಕವೆಂಬುದು ನಮಗೇನೂ ಹೊಸದಲ್ಲ. ಯೋಗವಾಸಿಷ್ಠದಲ್ಲಿ ಲೀಲೆಯ ಗಂಡ ಪದ್ಮರಾಜ ಸತ್ತ ಮೇಲೆ ಅದೇ ಕೋಣೆಯ ಅವಕಾಶದಲ್ಲಿ ಇನ್ನೊಂದು ಇಡೀ ರಾಜ್ಯವಾಳುತ್ತಿರುತ್ತಾನೆ. ಸರಸ್ವತಿಯ ಕೃಪೆಯಿಂದ ಅವಳು ಹೋಗಿ ನೋಡಿಯೂ ಬರುತ್ತಾಳೆ. ಎವರೆಟ್ಟನ ಲೋಕಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ: ಲೀಲೆ ದಾಟಬಲ್ಲಳು, ನಾವು ದಾಟಲಾರೆವು. ಹಾಗಾಗಿ ಪುರಾಣದಲ್ಲಿ ಎಲ್ಲಾ ಇತ್ತು ಎಂದು ಎದೆ ತಟ್ಟಿಕೊಳ್ಳುವ ಅಗತ್ಯವಿಲ್ಲ. ವಸಿಷ್ಠರು ರಾಮನಿಗೆ ಹೇಳುತ್ತಿದ್ದದ್ದು ಮನಸ್ಸಿನ ವಿಚಾರ, ಪರಮಾಣುವಿನದ್ದಲ್ಲ.

ನಮ್ಮ ಕೆಲಸಕ್ಕೆ ಹೆಚ್ಚು ಬರುವವನು ಡೇವಿಡ್ ಲೂಯಿಸ್ ಎಂಬ ತತ್ತ್ವಶಾಸ್ತ್ರಜ್ಞ. ಸಾಧ್ಯವಿರುವ ಎಲ್ಲ ಲೋಕಗಳೂ ನಮ್ಮದರಷ್ಟೇ ನಿಜ ಎಂದು 1986ರಲ್ಲಿ ಪುಸ್ತಕವನ್ನೇ ಬರೆದ. ಅದನ್ನು ಒಪ್ಪಿದವರು ಕಡಿಮೆ. ಆದರೆ 1973ರಲ್ಲಿ ಅವನು ಹೇಳಿದ ಇನ್ನೊಂದು ಮಾತು ಎಲ್ಲರಿಗೂ ಉಪಯೋಗಕ್ಕೆ ಬಂತು. ಹೀಗಾಗಿದ್ದರೆ ಹಾಗಾಗುತ್ತಿತ್ತು ಎಂಬ ವಾಕ್ಯ ನಿಜವೋ ಸುಳ್ಳೋ ತಿಳಿಯಬೇಕಾದರೆ ನಮ್ಮ ಲೋಕಕ್ಕೆ ಅತಿ ಹತ್ತಿರದ ಲೋಕವನ್ನು ನೋಡು ಅಂತ. ಅಂದರೆ ಬದಲಾವಣೆ ಸಣ್ಣದಿರಬೇಕು, ಆ ಗಳಿಗೆಯ ಉಳಿದೆಲ್ಲ ಇದ್ದಂತೆಯೇ ಇರಬೇಕು. ಟಿಪ್ಪುವಿನ ಕೈಗೆ ಮೆಷಿನ್‌ಗನ್ ಕೊಡುವುದು ದೂರದ ಲೋಕ. ಮಳೆ ಒಂದು ವಾರ ಮುಂಚೆ ಬರುವುದು ಪಕ್ಕದ ಲೋಕ.

ಈಗ 1799ರ ಮೇ 4. ಮಧ್ಯಾಹ್ನ ಸುಮಾರು ಒಂದು ಗಂಟೆಗೆ ಇಂಗ್ಲಿಷರ ಸೇನಾಧಿಕಾರಿ ಡೇವಿಡ್ ಬೇರ್ಡ್‌ನ ಪಡೆ ಕಾವೇರಿ ದಾಟಿ ಒಡೆದ ಗೋಡೆ ಹತ್ತಿತು. ಇದೇ ಬೇರ್ಡ್ ಹಿಂದಿನ ಯುದ್ಧವೊಂದರಲ್ಲಿ ಸಿಕ್ಕಿಬಿದ್ದು ಇದೇ ಊರಿನ ಸೆರೆಯಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಕಳೆದಿದ್ದ. ಜನಪ್ರಿಯ ಕಥೆಯಲ್ಲಿ ಮೀರ್ ಸಾದಿಕ್ ಸಂಬಳ ಕೊಡುವ ನೆಪದಲ್ಲಿ ಗೋಡೆಯ ಕಾವಲುಗಾರರನ್ನು ಹಿಂದಕ್ಕೆ ಕರೆಸುತ್ತಾನೆ. ಆಗಲಿ, ಪ್ರಯೋಗಕ್ಕಾಗಿ ಅವನನ್ನು ತೆಗೆದುಹಾಕಿ ನೋಡೋಣ. ಗೋಡೆ ಆಗಲೇ ಒಡೆದಿದೆ. ಹೊರಗೆ ಮದ್ರಾಸಿನ ಪಡೆಯ ಜೊತೆ ಮುಂಬಯಿಯ ಪಡೆ, ನಿಜಾಮನ ಪಡೆ ಎಲ್ಲ ಇವೆ. ಆ ಮಧ್ಯಾಹ್ನ ಗೋಡೆ ಉಳಿದುಕೊಂಡರೂ ಮಾರನೆಯ ದಿನ ಮತ್ತೆ ದಾಳಿ ಆಗುತ್ತಿತ್ತು. ಮೋಸಗಾರ ಇಲ್ಲದ ಲೋಕ ನಮ್ಮ ಲೋಕದಿಂದ ಬಹಳ ದೂರವೇನೂ ಹೋಗುವುದಿಲ್ಲ.

ಬದಲಿಗೆ ಅಕ್ಕಿಯನ್ನು ಮುಟ್ಟಿ ನೋಡಿ. ಏಪ್ರಿಲ್ ನಡುವಿನಲ್ಲಿ ಇಂಗ್ಲಿಷರ ಸೇನಾಪತಿ ಜನರಲ್ ಹ್ಯಾರಿಸ್‌ನ ದಂಡಿನಲ್ಲಿ ದಾಸ್ತಾನು ಲೆಕ್ಕ ಹಾಕಿದಾಗ ಕಂಡದ್ದು ಭಯ ಹುಟ್ಟಿಸುವಂಥದ್ದು. ಕಾದಾಡುವವರಿಗೆ ಅರೆಪಡಿ ಕೊಟ್ಟರೂ ಮೇ ಮೊದಲ ವಾರದಾಚೆ ಅಕ್ಕಿ ಇರಲಿಲ್ಲ. ಜೊತೆಗೆ ನದಿ. ಮೇ ತಿಂಗಳಲ್ಲಿ ಕಾವೇರಿ ಬಂಡೆಗಳ ನಡುವೆ ಮೊಣಕಾಲುದ್ದ, ಸೊಂಟದುದ್ದ ಹರಿಯುತ್ತದೆ. ಕೊಡಗಿನಲ್ಲಿ ಮಳೆ ಹಿಡಿದರೆ ಕೆಲವೇ ದಿನಗಳಲ್ಲಿ ದಾಟಲಾಗದ ಹೊಳೆಯಾಗುತ್ತದೆ. ಟಿಪ್ಪು ನೆಚ್ಚಿಕೊಂಡಿದ್ದೂ ಇದನ್ನೇ. ಈ ದ್ವೀಪದ ಕೋಟೆಯ ಯುದ್ಧತಂತ್ರವೆಂದರೆ ಜೂನ್ ತನಕ ತಡೆಯುವುದು. ಆ ದಾಳಿಗೆ ಮೊದಲೇ ಮಳೆ ಹಿಡಿದ ಲೋಕದಲ್ಲಿ ಹ್ಯಾರಿಸ್ ಹಸಿದ ಸೈನ್ಯ, ಸತ್ತ ಎತ್ತುಗಳೊಂದಿಗೆ ವಾಪಸು ಹೊರಟಿರುತ್ತಾನೆ.

ಇದು ಬರೀ ಊಹೆಯಲ್ಲ ಎನ್ನಲು ಎಂಟು ವರ್ಷ ಹಿಂದಿನ ದೃಷ್ಟಾಂತವಿದೆ. ಅದರ ಕಡೆ ಬರುವ ಮೊದಲು ನೆಪೋಲಿಯನ್ನನ ಮಾತು ಮುಗಿಸಿಬಿಡೋಣ, ಏಕೆಂದರೆ ಅವನನ್ನು ತರದೆ ಈ ಚರ್ಚೆ ಯಾರೂ ನಿಲ್ಲಿಸುವುದಿಲ್ಲ. 1799ರ ಜನವರಿಯಲ್ಲಿ ಅವನು ಕೈರೋದಿಂದ ಟಿಪ್ಪುವಿಗೆ ಕಾಗದ ಬರೆದದ್ದು ನಿಜ, ಅದು ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿದ್ದೂ ನಿಜ. ಕಾಗದ ತಲುಪಿದ್ದರೆ? ಏನೂ ಆಗುತ್ತಿರಲಿಲ್ಲ. ಅವನ ಹಡಗುಗಳನ್ನು 1798ರ ಆಗಸ್ಟಿನಲ್ಲೇ ನೆಲ್ಸನ್ ನೈಲ್ ನದಿಯ ಬಾಯಲ್ಲಿ ಸುಟ್ಟಿದ್ದ. ಹಡಗಿಲ್ಲದ ದಂಡು ಅರಬ್ಬಿ ಸಮುದ್ರ ದಾಟುವ ಲೋಕ ಬಹಳ ದೂರದ್ದು.

ಪಾಂಡವಪುರ ತಾಲ್ಲೂಕಿಗೆ ಬನ್ನಿ. ಇಂಗ್ಲಿಷರ ಕಾಲದಲ್ಲಿ ಫ್ರೆಂಚ್ ರಾಕ್ಸ್ ಎಂದು ಕರೆಸಿಕೊಂಡ ಊರು ಇದು. ಹೈದರ್, ಟಿಪ್ಪು ಇಬ್ಬರ ಚಾಕರಿಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ ಆ ಹೆಸರು. ಅದಕ್ಕೂ ಹಿಂದೆ ಹಿರೋಡೆ. ಇಲ್ಲಿಂದ ಮೇಲುಕೋಟೆ ದಿಕ್ಕಿನಲ್ಲಿ ಚಿನಕುರಳಿ ಇದೆ. ಎರಡು ದೊಡ್ಡ ಪರ್ಯಾಯ ಇತಿಹಾಸಗಳು ಈ ಹಾದಿಯಲ್ಲೇ ಕವಲೊಡೆದಿವೆ.

ಮೊದಲನೆಯದು 1771ರ ಮಾರ್ಚ್. ಮೇಲುಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ರಾತ್ರೋರಾತ್ರಿ ಹಿಂದೆಗೆಯುತ್ತಿದ್ದ ಹೈದರನ ಸೈನ್ಯವನ್ನು ಮರಾಠರು ಚಿನಕುರಳಿಯ ಬಳಿ ನುಚ್ಚುನೂರು ಮಾಡಿದರು. ಹೈದರ್ ತಪ್ಪಿಸಿಕೊಂಡು ಕೋಟೆ ಸೇರಿದ. ಗೆದ್ದವರು ಅದೇ ಬಿಸಿಯಲ್ಲಿ ರಾಜಧಾನಿಗೆ ನುಗ್ಗುವ ಬದಲು ಕೊಳ್ಳೆ ಹಂಚಿಕೊಳ್ಳುವುದರಲ್ಲಿ ದಿನ ಕಳೆದರು, ಅಷ್ಟರಲ್ಲಿ ಅವನು ಸುಧಾರಿಸಿಕೊಂಡ. ಅವರು ನೇರವಾಗಿ ಹೋಗಿದ್ದರೆ ಟಿಪ್ಪು ಪಟ್ಟಕ್ಕೆ ಬರುವ ಮಾತೇ ಇರುತ್ತಿರಲಿಲ್ಲ.

ಎರಡನೆಯದು 1791ರ ಮೇ, ಮತ್ತು ನನ್ನ ಮಟ್ಟಿಗೆ ಈ ನಾಲ್ಕು ತಾಲ್ಲೂಕುಗಳ ಅತಿ ದೊಡ್ಡ ಕವಲು ಇದೇ. ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರು ಹಿಡಿದು ಬಂದು ಮೇ 15ರಂದು ಅರಕೆರೆಯ ಬಳಿ ಟಿಪ್ಪುವನ್ನು ಸೋಲಿಸಿದ. ರಾಜಧಾನಿ ಕಣ್ಣೆದುರಿಗೇ ಇತ್ತು. ಆದರೆ ಮಳೆ ಬೇಗ ಹಿಡಿಯಿತು. ಮೇವಿಲ್ಲದೆ, ರೋಗ ಬಂದು ಎತ್ತುಗಳು ಸಾವಿರಗಟ್ಟಲೆ ಸತ್ತವು. ಫಿರಂಗಿ ಎಳೆಯಲು ಸೈನಿಕರೇ ನೊಗಕ್ಕೆ ಹೆಗಲು ಕೊಟ್ಟರು. ಅವನಿಗೆ ನೆರವಾಗಲು ಹೊರಟಿದ್ದ ಅಬರ್‌ಕ್ರೋಂಬಿಯ ಪಡೆ ಪಿರಿಯಾಪಟ್ಟಣದ ತನಕ ಬಂದು ನಿಂತಿತ್ತು, ಅದನ್ನು ಕೂಡಿಕೊಳ್ಳಲು ಹೋದ ಕಾರ್ನ್‌ವಾಲಿಸ್ ಕನ್ನಂಬಾಡಿಯಲ್ಲಿ ಕೈಚೆಲ್ಲಿದ. ಮೇ 22ರಂದು ಮುತ್ತಿಗೆಯ ಭಾರಿ ಫಿರಂಗಿಗಳನ್ನು ತಾನೇ ಒಡೆಸಿ ಹಾಕಿದ. ಬೆಂಗಳೂರಿನ ಕಡೆ ಹಿಂದಿರುಗಿ ಹೊರಟ ಅವನಿಗೆ 26ರಂದು ಮೇಲುಕೋಟೆಯ ಸೀಮೆಯಲ್ಲಿ ಎದುರಿಗೆ ಕುದುರೆ ಸವಾರರು ಕಂಡರು. ಶತ್ರುಗಳೆಂದುಕೊಂಡರೆ, ಬಂದದ್ದು ಮಿತ್ರರೇ: ಹರಿಪಂತ್ ಮತ್ತು ಪರಶುರಾಮ ಭಾವು ಮುಂದಾಳತ್ವದ ಮರಾಠ ಸೈನ್ಯ. ಅವರ ಜೊತೆಗಿದ್ದ ಬಜಾರಿನಲ್ಲಿ ಧಾನ್ಯ ಬೇಕಾದಷ್ಟಿತ್ತು, ಬೆಲೆ ಮಾತ್ರ ಕೈಗೆಟುಕುವಂತಿರಲಿಲ್ಲ. ಬರುತ್ತಿದ್ದೇವೆಂಬ ಸುದ್ದಿ ಹೊತ್ತ ಹರಕಾರರನ್ನು ಟಿಪ್ಪುವಿನ ಲಘು ಸವಾರರು ದಾರಿಯಲ್ಲೇ ತಡೆದುಬಿಟ್ಟಿದ್ದರು.

ಒಬ್ಬನೇ ಒಬ್ಬ ಹರಕಾರ ಪಾರಾಗಿ ಬಂದಿದ್ದನೆನ್ನಿ. ಇದಕ್ಕಿಂತ ಸಣ್ಣ ಬದಲಾವಣೆ ಕಲ್ಪಿಸುವುದು ಕಷ್ಟ. ಫಿರಂಗಿ ಉಳಿಯುತ್ತವೆ, ಮರಾಠರ ಎತ್ತು ಸಿಗುತ್ತವೆ, ಅವರ ಧಾನ್ಯದಿಂದ ದಂಡಿನ ಹೊಟ್ಟೆ ತುಂಬುತ್ತದೆ. ಶ್ರೀರಂಗಪಟ್ಟಣ 1791ರಲ್ಲೇ ಬೀಳುವ ಸಂಭವ ಚೆನ್ನಾಗಿಯೇ ಇತ್ತು. ಎಂಟು ವರ್ಷ ಮೊದಲು ಬಿದ್ದರೆ ಏನು ಮಹಾ ಎನ್ನಬಹುದು. ಬಹಳ ದೊಡ್ಡ ವ್ಯತ್ಯಾಸವಿದೆ. 1799ರಲ್ಲಿ ಮರಾಠರು ಯುದ್ಧದಿಂದ ಹೊರಗಿದ್ದರು, ಅವರು ಬೆಳೆಯದಂತೆ ತಡೆಯಲು ಕಂಪನಿಗೆ ನಡುವೆ ಒಂದು ಸಂಸ್ಥಾನ ಬೇಕಿತ್ತು. ಆ ಲೆಕ್ಕದಲ್ಲೇ ಒಡೆಯರ ಮನೆತನ ಮರಳಿ ಪಟ್ಟಕ್ಕೆ ಬಂತು, ಪೂರ್ಣಯ್ಯ ದಿವಾನರಾದರು. 1791ರಲ್ಲಾದರೆ ಕಂಪನಿ, ಮರಾಠರು, ನಿಜಾಮ ಮೂವರೂ ಸಮಪಾಲುದಾರರು. ಆ ಲೋಕದಲ್ಲಿ ನಾಗಮಂಗಲ, ಮೇಲುಕೋಟೆ ಪುಣೆಯ ಪಾಲಿಗೆ ಹೋಗಿದ್ದರೆ ಆಶ್ಚರ್ಯವಿಲ್ಲ, ಮೈಸೂರು ಸಂಸ್ಥಾನವೆಂಬುದೇ ಹುಟ್ಟದಿದ್ದರೂ ಇಲ್ಲ. ಸಂಸ್ಥಾನವಿಲ್ಲದೆ ನಾಲ್ವಡಿಯವರಿಲ್ಲ, ದಿವಾನ್ ವಿಶ್ವೇಶ್ವರಯ್ಯನವರಿಲ್ಲ. ಕನ್ನಂಬಾಡಿ ಕಟ್ಟೆ ಆ ರೂಪದಲ್ಲಿ ಇಲ್ಲ. ಹಾಗೆ ನೋಡಿದರೆ ಮಂಡ್ಯದ ಗದ್ದೆಗಳ ನೀರು ಆ ಮೇ ತಿಂಗಳಲ್ಲಿ ತಲುಪದೆ ಹೋದ ಒಂದು ಸುದ್ದಿಗೆ ಋಣಿಯಾಗಿದೆ.

ಹರಕಾರ ತಪ್ಪಿಸಿಕೊಳ್ಳುವುದೂ ಸಿಕ್ಕಿಬೀಳುವುದೂ ಎವರೆಟ್ಟನ ಎರಡು ಕವಲುಗಳೇ? ಹೌದು ಎನ್ನುವವರಿದ್ದಾರೆ. ಆಂಡ್ರಿಯಾಸ್ ಆಲ್ಬ್ರೆಕ್ಟ್ ಮತ್ತು ಡೇನಿಯಲ್ ಫಿಲಿಪ್ಸ್ ಎಂಬ ಭೌತವಿಜ್ಞಾನಿಗಳು 2014ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಬಿಲಿಯರ್ಡ್ ಚೆಂಡುಗಳು ಕೆಲವೇ ಡಿಕ್ಕಿಗಳಾದ ಮೇಲೆ, ಹೆಬ್ಬೆರಳಿನಿಂದ ಚಿಮ್ಮಿದ ನಾಣ್ಯ ಕೂಡ, ಕ್ವಾಂಟಂ ಅನಿಶ್ಚಿತತೆಯನ್ನೇ ಹಿಗ್ಗಿಸಿ ತೋರಿಸುತ್ತವೆ ಅಂತ. ಹವೆಯಂತೂ ಸಣ್ಣ ಏರುಪೇರನ್ನು ಹಿಗ್ಗಿಸುವುದರಲ್ಲಿ ಎತ್ತಿದ ಕೈ ಎಂಬುದು 1963ರ ಎಡ್ವರ್ಡ್ ಲೊರೆಂಜ್‌ನ ಕೆಲಸದಿಂದ ಗೊತ್ತು. ಆ ಲೆಕ್ಕ ಸರಿಯಿದ್ದರೆ 1791ರ ಮಳೆ ತಡವಾಗಿ ಹಿಡಿದ ಕವಲು ಎಲ್ಲೋ ಇದೆ. ಇದ್ದರೆ ನಮಗೇನು ಲಾಭ ಎಂದರೆ, ಏನೂ ಇಲ್ಲ. ಅಲ್ಲಿಗೆ ಹೋಗಿ ಬರಲಾಗದ ಮೇಲೆ ಅದು ಇದೆ ಎನ್ನುವುದೂ ಇಲ್ಲ ಎನ್ನುವುದೂ ಇತಿಹಾಸ ಬರೆಯುವವನಿಗೆ ಒಂದೇ. ಅವನಿಗೆ ಬೇಕಾದ್ದು ಯಾವ ಮೊಳೆ ಕಿತ್ತರೆ ಇಡೀ ಗಾಡಿ ಕಳಚುತ್ತದೆ ಎಂಬ ತಿಳಿವಳಿಕೆ.

ಇನ್ನೊಂದು ಮೊಳೆ ಸುಲ್ತಾನ್‌ಪೇಟೆ ತೋಪಿನಲ್ಲಿತ್ತು. 1799ರ ಏಪ್ರಿಲ್ 5ರ ರಾತ್ರಿ ಕತ್ತಲಲ್ಲಿ ದಾರಿ ತಪ್ಪಿದ ಆರ್ಥರ್ ವೆಲ್ಲೆಸ್ಲಿಯ ಮೊಣಕಾಲಿಗೆ ವೇಗ ಉಡುಗಿದ ಗುಂಡೊಂದು ತಗುಲಿತು. ಬರೀ ಕಂದಿತು, ಅಷ್ಟೆ. ಅವನೇ ಮುಂದೆ ವೆಲಿಂಗ್ಟನ್ನಿನ ಡ್ಯೂಕ್, 1815ರ ವಾಟರ್ಲೂ ವಿಜೇತ. ಆ ಗುಂಡು ನಾಲ್ಕು ಮಾರು ಹತ್ತಿರದಿಂದ ಬಂದಿದ್ದರೆ ಯೂರೋಪಿನ ಇತಿಹಾಸ ಬದಲಾಗುತ್ತಿತ್ತು ಎಂದು ಹೇಳಲು ನಮ್ಮ ಊರಿನವರಿಗೆ ಸಹಜವಾಗಿ ಆಸೆ. ಆದರೆ ವಾಟರ್ಲೂನಲ್ಲಿ ಪ್ರಷ್ಯದ ಬ್ಲೂಖರ್ ಕೂಡ ಇದ್ದ, ನೆಪೋಲಿಯನ್ನನ ವಿರುದ್ಧ ಇಡೀ ಯೂರೋಪು ಒಂದಾಗಿತ್ತು. ಇಲ್ಲೂ ಒಬ್ಬ ಮನುಷ್ಯನ ತೂಕವನ್ನು ಹೆಚ್ಚು ಕಟ್ಟುವುದೇ ನಮ್ಮ ಚಾಳಿ.

ಮನುಷ್ಯರಿಗಿಂತ ಸೊಳ್ಳೆಗೆ ಹೆಚ್ಚು ತೂಕ ಕೊಡಬೇಕಾದ ಪ್ರಸಂಗವೊಂದು ಇದೆ, ಅದನ್ನು ಯಾವ ಗೈಡೂ ಹೇಳುವುದಿಲ್ಲ. ಗೆದ್ದ ಮೇಲೆ ಇಂಗ್ಲಿಷರು ತಮ್ಮ ದಂಡನ್ನು ಶ್ರೀರಂಗಪಟ್ಟಣದಲ್ಲೇ ಇರಿಸಿದ್ದರು. ವೆಲ್ಲೆಸ್ಲಿ ದರಿಯಾ ದೌಲತ್‌ನಲ್ಲಿ ವಾಸಿಸಿದ. ಆದರೆ ದ್ವೀಪದ ಚಳಿಜ್ವರ ಸೈನಿಕರನ್ನು ಬಲಿ ತೆಗೆದುಕೊಳ್ಳುತ್ತಲೇ ಇತ್ತು. ಕೆಟ್ಟ ಗಾಳಿಯಿಂದ ಬರುವ ರೋಗ ಎಂದುಕೊಂಡಿದ್ದ ಕಾಲ ಅದು. ಅದನ್ನು ಹರಡುವುದು ಸೊಳ್ಳೆಯೆಂಬುದಕ್ಕೆ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಪುರಾವೆ ಕಂಡದ್ದು 1897ರಲ್ಲಿ. ತಡೆಯಲಾರದೆ 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿ ಅಲ್ಲಿ ದಂಡುಪ್ರದೇಶ ಕಟ್ಟಿದರು. ಈಗ ಜ್ವರವಿಲ್ಲದ ಶ್ರೀರಂಗಪಟ್ಟಣ ಕಲ್ಪಿಸಿಕೊಳ್ಳಿ: ದಂಡು, ಬಜಾರು, ಚರ್ಚು, ರೈಲು, ಗಿರಣಿ ಎಲ್ಲ ಇಲ್ಲೇ. ಗಂಜಾಂನಲ್ಲಿ ಟ್ರಾಫಿಕ್ ಜಾಮ್. ಬೆಂಗಳೂರು ಪೇಟೆ ನೇಯ್ಗೆಯ ಊರಾಗಿ ತನ್ನ ಪಾಡಿಗೆ ತಾನಿರುತ್ತಿತ್ತು. ಈ ಲೋಕ 1791ರದ್ದರಷ್ಟು ನಾಟಕೀಯವಲ್ಲ, ಆದರೆ ನಂಬಲು ಹೆಚ್ಚು ಸುಲಭ.

ಪರ್ಯಾಯ ಲೋಕಗಳನ್ನು ನಿಜವಾಗಿಯೂ ಬರೆದಿಟ್ಟವನು ಟಿಪ್ಪುವೇ. ತನ್ನ ಕನಸುಗಳನ್ನು ಪಾರ್ಸಿಯಲ್ಲಿ ಸ್ವಂತ ಕೈಯಿಂದ ದಾಖಲಿಸುತ್ತಿದ್ದ, ಒಟ್ಟು 37. ಪಟ್ಟಣ ಬಿದ್ದ ಮೇಲೆ ಅರಮನೆಯಲ್ಲಿ ಸಿಕ್ಕ ಆ ಪುಸ್ತಕ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಒಂದು ಕನಸಿನಲ್ಲಿ ಚೆಲುವಾದ ಯುವಕನೊಬ್ಬ ಬಂದು ಕೊನೆಗೆ ಗಂಡುವೇಷದ ಹೆಣ್ಣೆಂದು ತಿಳಿಯುತ್ತದೆ. ಮರಾಠರೂ ಹೀಗೆಯೇ, ವೇಷ ಗಂಡಸಿನದು, ಎದುರಾದಾಗ ಹೆಂಗಸರು ಎಂದು ಅವನು ಅರ್ಥ ಹೇಳಿಕೊಂಡ. ಬಿಬಿಸಿ ಕೇಳಿದ ರೇಡಿಯೋ ನಾಟಕಕ್ಕೆ ಗಿರೀಶ ಕಾರ್ನಾಡರು ಈ ಕನಸುಗಳನ್ನೇ ವಸ್ತು ಮಾಡಿಕೊಂಡರು. ಆ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು, ಶತ್ರು ಸೋಲುವ ಲೋಕ ಮತ್ತೆ ಮತ್ತೆ ಬರುವುದು ಮತ್ತು ಎತ್ತು, ಅಕ್ಕಿಯ ಸುದ್ದಿ ಹೆಚ್ಚು ಬಾರದಿರುವುದು.

ಎರಡು ಲೋಕಕ್ಕೂ ಸಿದ್ಧರಾಗಿ ಕೆಲಸ ಮಾಡಿದವರೆಂದರೆ ಎಂಜಿನಿಯರು. 1911ರಲ್ಲಿ ಕನ್ನಂಬಾಡಿ ಕಟ್ಟೆ ಶುರುವಾದಾಗ ಒಪ್ಪಿಗೆ ಸಿಕ್ಕಿದ್ದು 80 ಅಡಿಗೆ, 11 ಟಿಎಂಸಿ ನೀರಿಗೆ. ವಿಶ್ವೇಶ್ವರಯ್ಯನವರು ಅಡಿಪಾಯವನ್ನು ಮಾತ್ರ 124 ಅಡಿಯ ಕಟ್ಟೆಗೆ ಹಾಕಿಸಿದರು. ಕಟ್ಟೆ ಎತ್ತರಿಸಲು ಮದ್ರಾಸು ಸರ್ಕಾರ ಒಪ್ಪದಿದ್ದ ಕವಲಿನಲ್ಲಿ ಅಷ್ಟೂ ಕಲ್ಲು ಗಾರೆ ದಂಡ. 1924ರ ಫೆಬ್ರವರಿಯಲ್ಲಿ ಒಪ್ಪಂದವಾಯಿತು, ದಂಡವಾಗಲಿಲ್ಲ. ಇಂದು ಕಟ್ಟೆಯ ಸಾಮರ್ಥ್ಯ 49 ಟಿಎಂಸಿಗಿಂತ ಸ್ವಲ್ಪ ಹೆಚ್ಚು. ಹಿನ್ನೀರು ಕೆ.ಆರ್. ಪೇಟೆ ಸೀಮೆಯ ಊರುಗಳನ್ನೂ ಹಳೆಯ ಕನ್ನಂಬಾಡಿಯನ್ನೂ ನುಂಗಿತು. ಅಲ್ಲಿನ ವೇಣುಗೋಪಾಲಸ್ವಾಮಿ ಗುಡಿಯ ಕಲ್ಲುಗಳನ್ನು ಎತ್ತಿ ತಂದು ಹೊಸ ಕನ್ನಂಬಾಡಿಯ ಬಳಿ ಮತ್ತೆ ನಿಲ್ಲಿಸಿದ್ದಾರೆ. ನೀರು ತೀರಾ ಇಳಿದ ವರ್ಷಗಳಲ್ಲಿ ಹಳೆಯ ಜಾಗ ಕಾಣುತ್ತಿದ್ದುದನ್ನು ನೋಡಿದ ಹಿರಿಯರು ಈಗಲೂ ಸಿಗುತ್ತಾರೆ.

ಆಮೇಲೆ ನಾಲೆ ಬಂತು, ಮತ್ತು ಅದರೊಂದಿಗೆ ಈ ಜಿಲ್ಲೆಯಲ್ಲಿ ಕಲ್ಪನೆಯದ್ದಲ್ಲದ, ನೆಲದ ಮೇಲಿನ ಪ್ರಯೋಗವೇ ನಡೆಯಿತು. ಪಾಂಡವಪುರದಿಂದ ನಾಗಮಂಗಲಕ್ಕೆ ಬಸ್ಸಿನಲ್ಲಿ ಹೋಗುವವರು ಕಿಟಕಿಯಲ್ಲೇ ಇದನ್ನು ನೋಡಬಹುದು: ಕಬ್ಬು, ಭತ್ತ ಮುಗಿದು ರಾಗಿ, ಹುರುಳಿ, ತೆಂಗು ಶುರುವಾಗುತ್ತವೆ. ಮಣ್ಣು, ಜನ, ಭಾಷೆ, ದೇವರು ಅವೇ. ನೆಲ ನಾಲೆಗಿಂತ ಕೆಳಗಿದೆಯೋ ಮೇಲಿದೆಯೋ ಎಂಬುದೊಂದೇ ವ್ಯತ್ಯಾಸ. ವಿಯೆನ್ನಾದಲ್ಲಿ ಹುಟ್ಟಿ ಇಂಗ್ಲೆಂಡ್ ಸೇರಿದ್ದ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದ್ವಾಂಸೆ 1954ರಲ್ಲಿ ಬಂದು ಮಂಡ್ಯದ ಬಳಿ ಇಂಥ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಪುಸ್ತಕ 1962ರಲ್ಲಿ ಬಂತು. ಹೆಸರು ಮರೆಮಾಡಿ ನೀರಾವರಿ ಹಳ್ಳಿಯನ್ನು ವಂಗಲ ಎಂದೂ ಒಣ ಹಳ್ಳಿಯನ್ನು ದಲೇನ ಎಂದೂ ಕರೆದರು. ಲೂಯಿಸ್ ಹೇಳಿದ ಅತಿ ಹತ್ತಿರದ ಲೋಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಯಾವ ಹಳ್ಳಿ ಹೆಚ್ಚು ಬದಲಾಯಿತು ಎಂದರೆ ಯಾರಾದರೂ ವಂಗಲ ಅನ್ನುತ್ತಾರೆ. ಅಲ್ಲಿ ದುಡ್ಡು ಬಂತು ನಿಜ. ಆದರೆ ಕೃಷಿ ಕೃಷಿಯಾಗಿಯೇ ಉಳಿದು, ಯಜಮಾನಿಕೆ, ಆಳುಕಾಳಿನ ಹಳೆಯ ಕಟ್ಟು, ಜಾತಿಯ ಪದ್ಧತಿ ಬಹುಮಟ್ಟಿಗೆ ಇದ್ದಂತೆಯೇ ಇದ್ದವು. ಬದಲಾದದ್ದು ದಲೇನ. ಹೊಲಕ್ಕೆ ನೀರು ಬಾರದ ಅಲ್ಲಿನ ಜನ ಮಂಡ್ಯದ ಕಾರ್ಖಾನೆಯಲ್ಲಿ ಕೆಲಸ ಹಿಡಿದರು, ದನದ ವ್ಯಾಪಾರ ಮಾಡಿದರು, ಹಿಟ್ಟಿನ ಗಿರಣಿ ಹಾಕಿದರು, ಗಾಡಿ ಹೊಡೆದರು, ಸರ್ಕಾರಿ ಕಚೇರಿಗಳಿಗೆ ಓಡಾಡಿ ವ್ಯವಹಾರ ಕಲಿತರು. ಹಳೆಯ ಕಟ್ಟುಗಳು ಸಡಿಲವಾದದ್ದು ಅಲ್ಲಿ.

ಅದೃಷ್ಟ ಕೈಕೊಟ್ಟ ಕವಲೇ ಮುಂದೆ ಹೋಯಿತು ಎಂದು ಹಿಗ್ಗಲು ಹೋದರೆ ಒಂದು ತೊಡಕು ಎದುರಾಗುತ್ತದೆ. ದಲೇನ ಹಾಗಾದದ್ದು ಪಕ್ಕದಲ್ಲೇ ವಂಗಲದಂಥ ಹಳ್ಳಿಗಳು ಇದ್ದುದರಿಂದ. ಕಬ್ಬು ಬೆಳೆದವರು ಇರದಿದ್ದರೆ ಕಾರ್ಖಾನೆ ಇರುತ್ತಿರಲಿಲ್ಲ, ಗಾಡಿಗೆ ಬಾಡಿಗೆಯೂ ಇರುತ್ತಿರಲಿಲ್ಲ. ದಲೇನದ ಕೆಲವರು ದುಡಿದ ದುಡ್ಡಿನಲ್ಲಿ ನೀರಾವರಿ ಊರುಗಳಲ್ಲೇ ಗದ್ದೆ ಕೊಂಡರು. ಎವರೆಟ್ಟನ ಕವಲುಗಳು ಒಂದನ್ನೊಂದು ಮುಟ್ಟುವುದಿಲ್ಲ, ಈ ಎರಡು ಬಗೆಯ ಹಳ್ಳಿಗಳು ಒಂದರ ಬದುಕನ್ನು ಒಂದು ಮುಟ್ಟುತ್ತಲೇ ಇದ್ದವು. ಹಾಗಾಗಿ ನಾಲೆ ಇಡೀ ಜಿಲ್ಲೆಗೇ ಬಾರದೆ ಇದ್ದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ದಲೇನ ಉತ್ತರ ಕೊಡಲಾರದು. ಅದಕ್ಕೆ ಹತ್ತಿರದ ಉತ್ತರ ಬೇಕಿದ್ದರೆ ನಾಲೆಯಿಂದ ದೂರವಿದ್ದ ನಾಗಮಂಗಲದ ಊರುಗಳನ್ನು ಆ ಕಾಲದಲ್ಲೇ ಯಾರಾದರೂ ಹಾಗೆ ಕೂತು ಅಭ್ಯಾಸ ಮಾಡಬೇಕಿತ್ತು. ಈಗ ತಡವಾಗಿದೆ. 1979ರಲ್ಲಿ ಗೊರೂರಿನಲ್ಲಿ ಹೇಮಾವತಿ ಕಟ್ಟೆ ಮುಗಿದ ಮೇಲೆ ಅದರ ನಾಲೆ ಆ ಕಡೆಗೂ ಹರಿದಿದೆ, ಉಳಿದ ಊರುಗಳಿಂದ ಮಕ್ಕಳು ಬೆಂಗಳೂರಿನ ದಾರಿ ಹಿಡಿದು ಬಹಳ ಕಾಲವಾಯಿತು.